ಪ್ಲೇಟು ಕೆರೆಯುವ ಮೇಡಂ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಸದಾ ಕಪ್ಪು ಮಣ್ಣು ಸೇರಿರುತ್ತಿತ್ತು. ಯಾವ ಗಾಡಿ ತಡೆದರೂ ಮೊದಲು ನಂಬರ್ ಪ್ಲೇಟನ್ನು ಉಗುರಿನಿಂದ ಕೆರೆಯುವರು. ಮೇಲಿನ ಸ್ಟಿಕ್ಕರ್ ಎದ್ದು, ಒಳಗಿನ ತೆಲಂಗಾಣದ ನಂಬರು ಇಣುಕಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರು ಮೋಟಾರು ವಾಹನ ಇನ್ಸ್‌ಪೆಕ್ಟರು, ನಾನು ಅವರ ಜೀಪಿನ ಡ್ರೈವರು. ಆರು ವರ್ಷ ಸಿಂಧನೂರು, ಮಸ್ಕಿ, ಲಿಂಗಸುಗೂರು ರಸ್ತೆಯಲ್ಲಿ ಬಿಸಿಲುಂಡೆ. ಹೊತ್ತಿಗೆ ಸರಿಯಾಗಿ ರೊಟ್ಟಿ ಉಂಡ ದಿನ ನೆನಪಿಲ್ಲ.

ಹೊರರಾಜ್ಯದ ಗಾಡಿ ವರ್ಷ ಮೀರಿ ಇಲ್ಲೇ ಓಡಿದರೆ ಇಲ್ಲಿಯ ತೆರಿಗೆ ಕಟ್ಟಿ, ಇಲ್ಲಿಯ ನಂಬರು ಪಡೆಯಬೇಕು. ಆದರೆ ಸಿಂಧನೂರಿನ ಅರ್ಧ ಬೀಗತನ ಗಡಿಯಾಚೆ. ಎಲ್ಲರದೂ ಒಂದೇ ಮಾತು: "ನಿನ್ನೆ ಅಷ್ಟ ಬಂದೀವ್ರಿ ಮೇಡಂ, ನಾಳೆ ಹೊಂಟೀವಿ."

"ನಿನ್ನೆ ಬಂದ ಗಾಡಿಗೆ ಮಸ್ಕಿ ಗ್ಯಾರೇಜಿನ ಹೆಸರು ಹೆಂಗ ಅಂಟೇತಪ್ಪ?" ಎನ್ನುವರು ಮೇಡಂ, ನಗದೆ.

ಒಂದು ಸುಗ್ಗಿಯಲ್ಲಿ ವಳಕಮದಿನ್ನಿ ಬಳಿ ಆಂಧ್ರ ನಂಬರಿನ ಭತ್ತ ಕೊಯ್ಯುವ ಮಷಿನ್ ಸಿಕ್ಕಿತು. ಮೂರು ವರ್ಷದಿಂದ ಇಲ್ಲೇ ಇತ್ತು, ತೆರಿಗೆಯಿಲ್ಲ. ಜಪ್ತಿ ಎಂದ ಕೂಡಲೇ ಗದ್ದೆಯ ಹೆಂಗಸು ಓಡಿ ಬಂದಳು. ಪಡುವಣ ದಿಕ್ಕಿಗೆ ಮೋಡ ಕಟ್ಟಿತ್ತು.

"ಯವ್ವಾ, ಅವನ ತಪ್ಪಿಗೆ ನನ್ನ ಭತ್ತ ಯಾಕ ನೀರುಪಾಲು ಮಾಡ್ತೀ?"

ಮೇಡಂ ಮಷಿನ್ ಬಿಟ್ಟು ಹೊರಡುತ್ತಾರೆಂದು ನಾನು ಜೀಪು ಚಾಲೂ ಮಾಡಿದೆ.

"ಬಂದ್ ಮಾಡು," ಎಂದು ನನಗೆ ಹೇಳಿ, ಮಷಿನ್ ಮಾಲೀಕನ ಕಡೆ ತಿರುಗಿದರು. "ಈಕಿ ಹೊಲ ಕೊಯ್ದು ಕೊಡು. ಆಮ್ಯಾಲ ಚಾವಿ ನನ್ನ ಕೈಯಾಗ ಇಡು."

ಬದುವಿನ ಮೇಲೆ ಕೂತೇ ಬಿಟ್ಟರು. ಒಂದಲ್ಲ, ಮೂರು ತಾಸು! ಹೆಂಗಸು ರೊಟ್ಟಿ, ಪುಂಡಿಪಲ್ಲೆ ತಂದಳು. ಕೇಸು ನಡೆದ ಜಾಗದಲ್ಲಿ ಏನೂ ಮುಟ್ಟಬಾರದೆಂದು ಮೇಡಂ ತಮ್ಮದನ್ನೂ ನನ್ನದನ್ನೂ ವಾಪಸು ಕಳಿಸಿದರು. ನನಗೆ ತಲೆ ಕೆಟ್ಟಿತು.

"ನಾಳೆ ಹಿಡಿದ್ರ ಆಗಂಗಿಲ್ಲೇನ್ರಿ? ಹಸದು ಸಾಯಾಕತ್ತೀನಿ."

"ನಾಳೆ ಅಂವ ಕರ್ನೂಲಿನ್ಯಾಗ ಇರ್ತಾನ. ಕುಂದರು."

ಕೊನೆಯ ಭತ್ತ ಟ್ರ್ಯಾಲಿಗೆ ಬಿದ್ದಾಗ ಹನಿ ಶುರುವಾಯಿತು. ಹೆಂಗಸು ಭತ್ತದ ಮೇಲೆ ತಾಡಪತ್ರಿ ಎಳೆಯುತ್ತಿದ್ದರೆ, ಒಂದು ತುದಿ ಮೇಡಂ ಹಿಡಿದರು. ಕಟ್ಟಿ ಮುಗಿಸಿ, ತೊಯ್ದ ಸೆರಗಿನಲ್ಲೇ ಚಾವಿ ಇಸಿದುಕೊಂಡರು.

ನಿವೃತ್ತಿಗೆ ಮೊದಲೇ ಕಾಯಿಲೆ ಬಿದ್ದು ಅವರು ತೀರಿಕೊಂಡರು. ಈಚೆಗೆ ನನ್ನ ಅಳಿಯ ಹೈದರಾಬಾದಿನಿಂದ ಸೋವಿಯಾಗಿ ಕಾರು ತಂದ. ವರ್ಷ ಮೀರಿದರೂ ನಂಬರು ಬದಲಿಸಲಿಲ್ಲ. "ಯಾರ್ ಹಿಡಿತಾರ ಬಿಡ್ರಿ, ಮಾವಾ," ಎಂದ. ಮುದಗಲ್ಲಿನ ಮದುವೆಗೆ ಎಲ್ಲರೂ ಕಾರು ಹತ್ತಿದರು. ನಾನು ಹತ್ತಲಿಲ್ಲ. ಲಿಂಗಸುಗೂರಿನಲ್ಲಿ ಬಸ್ಸಿಗೆ ಕಾದು, ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ ಮುಟ್ಟಿದೆ. ಬೀಗರೆದುರು ಮರ್ಯಾದೆ ತೆಗೆದೆನೆಂದು ಮಗಳು ಮಾತು ಬಿಟ್ಟಳು. ಆ ಮೇಡಂ ಸಹವಾಸ ಮಾಡಿ ನಾನು ಕೆಟ್ಟೆ ಎಂದು ಬೈದುಕೊಂಡೆ.

ಮೂರನೇ ದಿನ ಅಳಿಯ ಕಾಗದಗಳ ಚೀಲ ಹಿಡಿದು ಬಂದ. "ಮಾವಾ, ಅರ್ಜಿ ಎಲ್ಲಿ ಕೊಡಬೇಕ್ರಿ?"

ಮೇಡಂ ಜನರಿಗೆ ಹೇಳುತ್ತಿದ್ದ ಹಾಗೆಯೇ, ಒಂದೊಂದೇ ಕಾಗದ ತೋರಿಸಿ ಹೇಳಿಕೊಟ್ಟೆ.