ಗುರಣ್ಣನ ಹತ್ತು ಪೌಂಡಿನ ಕೆರೆ

ನೀವು ಇದನ್ನು ನಂಬಲೇಬೇಕೆಂದು ನಾನು ಗಂಟುಬೀಳುವುದಿಲ್ಲ. ಬೇ ಏರಿಯಾದ ಫಾಸ್ಟರ್ ಸಿಟಿಯಲ್ಲಿರುವ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಅನುಮಾನ ಪಡುವುದೇ ನನ್ನ ಕೆಲಸ. ಮೂರು ಸಲ ಪರೀಕ್ಷೆ ಮಾಡದೆ ಯಾವ ಕಾಗದಕ್ಕೂ ಸಹಿ ಹಾಕುವವನಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಆ ಸಂಜೆ ನಾನು ನಿದ್ದೆಗಣ್ಣಿನಲ್ಲಿರಲಿಲ್ಲ, ಕುಡಿದಿರಲಿಲ್ಲ, ಒಬ್ಬನೇ ಕೂಡ ಇರಲಿಲ್ಲ...

ಮೊದಲು ಗುರಣ್ಣನ ವಿಷಯ ಹೇಳಬೇಕು.

ಗುರಣ್ಣ ಧಾರವಾಡದವನು, ದಪ್ಪ ಆಳು. ಹೇವರ್ಡಿನಲ್ಲಿ ಮನೆ, ಅಲ್ಲೇ ಒಂದು ಗೋದಾಮಿನಲ್ಲಿ ಮ್ಯಾನೇಜರು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ನಾನು ಮೈಸೂರಿನವನು, ಹಿರಿಯರಿಗೆ ಬಹುವಚನ ರಕ್ತದಲ್ಲೇ ಬಂದದ್ದು. ಬೈದು ಬೈದು ಏಕವಚನ ರೂಢಿ ಮಾಡಿಸಿದವನು ಅವನೇ. ಅವನ ಹೆಂಡತಿ ಉಷಾ ಅವರನ್ನು ಅತ್ತಿಗೆ ಅನ್ನುತ್ತಿದ್ದೆ. ಅದನ್ನೂ ತಿದ್ದಿ 'ವೈನಿ' ಮಾಡಿದ.

ಅವನಿಗೊಂದು ಹುಚ್ಚಿತ್ತು. ಬಾಸ್ ಮೀನು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆತನದ ಮನುಷ್ಯ, ಮೀನು ಹಿಡಿಯುವುದು, ತೂಗುವುದು, ಒಂದು ಫೋಟೊ ತೆಗೆದು ಮೆಲ್ಲಗೆ ನೀರಿಗೆ ಬಿಡುವುದು. ಅಷ್ಟೇ. ಮನೆಗೆ ಬಂದರೆ ಸ್ನಾನವಾಗದೆ ವೈನಿ ಅಡುಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ.

"ನಿನ್ನ ಬಾಸ್‌ಗಿಂತಾ ನನ್ನ ಬಾಸ್ ಛಲೋ ನೋಡೋ ತಮ್ಮಾ, ಮೀಟಿಂಗ್ ಇಡೂದಿಲ್ಲ" ಎಂದು ನಗುತ್ತಿದ್ದ.

ಅವರ ಫ್ರಿಜ್ಜಿನ ಬಾಗಿಲ ಮೇಲೆ ಒಂದು ನಕಾಶೆ ಅಂಟಿಸಿದ್ದ. ಹೇವರ್ಡಿನಿಂದ ಎರಡು ಗಂಟೆಯ ಡ್ರೈವಿನೊಳಗೆ ಸಿಗುವ ಕೆರೆಗಳಿಗೆಲ್ಲ ಅದರಲ್ಲಿ ಕೆಂಪು ಚುಕ್ಕೆ. ಹತ್ತು ಪೌಂಡಿನ ಒಂದು ಬಾಸ್ ಕೈಗೆ ಬರಬೇಕು, ಜನ್ಮದಲ್ಲಿ ಒಂದೇ ಸಲ. ಕ್ಲಿಯರ್ ಲೇಕಿಗೆ ಎಲ್ಲರೂ ಹೋಗುತ್ತಾರೆ, ತನಗೆ ಜನವಿಲ್ಲದ ಕೆರೆ ಬೇಕು. ಟ್ರೌಟ್ ಮೀನಿನ ಮರಿ ತಂದು ಬಿಡುವ ಕೆರೆಯಲ್ಲೇ ಬಾಸ್ ಕೊಬ್ಬುತ್ತದೆ, ಆ ಮರಿಗಳನ್ನು ತಿಂದೇ ಅದು ಅಷ್ಟಾಗುವುದು. ಇದನ್ನೆಲ್ಲ ಎರೆ ಮಾರುವ ಅಂಗಡಿಯ ಮುದುಕನೊಬ್ಬನ ತಲೆ ತಿಂದು ತಿಂದು ಕಲಿತಿದ್ದ. ಕಡೆಗೊಂದು ಕೆರೆ ಗೊತ್ತುಮಾಡಿದ. ಅದರ ಹೆಸರು ನಾನು ಹೇಳುವುದಿಲ್ಲ. ಅವನಿದ್ದಿದ್ದರೂ ಹೇಳಗೊಡುತ್ತಿರಲಿಲ್ಲ.

ಏಪ್ರಿಲ್ ತಿಂಗಳು. ನಮ್ಮವರ ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಸಿಕ್ಕಿದ. ಎರಡೂ ಕೈಯಲ್ಲಿ ಅವಲಕ್ಕಿಯ ಪ್ಯಾಕೆಟ್ಟು.

"ಶನಿವಾರ ನಸಕನ್ಯಾಗ ಆ ಕೆರೀಗೆ ಹೊಂಟೇನಿ. ಬರ್ತೀಯೇನೋ? ನಿನಗೊಂದು ಕುರ್ಚಿ ಹಾಕ್ತೇನಿ, ಸುಮ್ನ ಕೂಡು. ಒಬ್ಬಾವನ ಡ್ರೈವ್ ಮಾಡಿ ಮಾಡಿ ಬ್ಯಾಸರಾಗೇದ."

"ನೋಡೋಣ ಗುರಣ್ಣ, ಈ ವಾರ ತುಂಬ ಕೆಲಸ ಇದೆ" ಅಂದೆ.

ಅಷ್ಟರಲ್ಲಿ ಕಾರಿನಿಂದ ನನ್ನ ಮಗಳು "ಅಪ್ಪಾ, ಲೆಟ್ಸ್ ಗೋ!" ಎಂದು ಕೂಗಿದಳು. ನಾನು ಅತ್ತ ತಿರುಗಿ ಓಡುತ್ತಲೇ, "ಸರಿ ಗುರಣ್ಣ, ಬರ್ತೀನಿ!" ಅಂದೆ.

ನಾವು ಹಾಗೇ ಅಲ್ಲವೇ ಹೇಳುವುದು? 'ಹೋಗ್ತೀನಿ' ಎಂದರೆ ಅಪಶಕುನವೆಂದು ಚಿಕ್ಕಂದಿನಿಂದ ಹೇಳಿಸಿಕೊಂಡವರು. ಹೊರಡುವಾಗ ಬಾಯಿಗೆ ಬರುವುದೇ 'ಬರ್ತೀನಿ'.

"ಹಂಗಾದ್ರ ಪಕ್ಕಾ!" ಎಂದು ಹಿಂದಿನಿಂದ ಗುರಣ್ಣ ಕೂಗಿದ್ದು ಕೇಳಿಸಿತು.

ಕೇಳಿಸಿತು. ಅದನ್ನು ಮುಚ್ಚಿಡಲಾರೆ. ಅವನು ತಪ್ಪು ತಿಳಿದುಕೊಂಡನೆಂದು ಅರ್ಧ ಗೊತ್ತಾಯಿತು. ರಾತ್ರಿ ಒಂದು ಮೆಸೇಜು ಹಾಕಿದರಾಯಿತು ಅಂದುಕೊಂಡೆ. ಹಾಕಲಿಲ್ಲ.

ಶನಿವಾರ ಬೆಳಗ್ಗೆ ಎಂಟೂವರೆಯವರೆಗೆ ಮಲಗಿದ್ದೆ. ಗುರಣ್ಣ ಅಷ್ಟು ಹೊತ್ತಿಗೆ ಇರಲೇ ಇಲ್ಲ. ಕೆರೆಯ ದಂಡೆಯಲ್ಲಿ, ಕುರ್ಚಿಯಲ್ಲಿ ಕೂತಂತೆಯೇ ಹೃದಯ ನಿಂತಿತ್ತು. ಗಸ್ತಿಗೆ ಬಂದ ರೇಂಜರ್ ನೋಡಿದಾಗ ದಾರ ಇನ್ನೂ ನೀರಿನಲ್ಲೇ ಇತ್ತಂತೆ. ಪಕ್ಕದಲ್ಲಿ ಬಿಚ್ಚಿ ಹಾಕಿಟ್ಟ ಇನ್ನೊಂದು ಮಡಚುವ ಬಟ್ಟೆ ಕುರ್ಚಿ. ಅದರ ಮೇಲೆ, ಮುಚ್ಚಳ ತೆಗೆಯದ ಅವಲಕ್ಕಿ ಡಬ್ಬಿ.

ಅಂತ್ಯಕ್ರಿಯೆಯ ದಿನ ವೈನಿ ನನ್ನ ಹತ್ತಿರ ಬಂದರು. ಅತ್ತೂ ಅತ್ತೂ ಸ್ವರವೇ ಉಳಿದಿರಲಿಲ್ಲ.

"ತಮ್ಮ ಬರ್ತಾನ ಅಂತ ಎರಡು ಡಬ್ಬಿ ಕಟ್ಟಿಸಿಕೊಂಡ್ರು. ನೀವು... ದಾರ್ಯಾಗ ಇದ್ರಿ ಹೌದಲ್ರಿ ಪ್ರಸನ್ನ?"

"ಹೌದು ವೈನಿ" ಅಂದೆ. "ದಾರೀಲಿದ್ದೆ. ಫ್ರೀವೇಲಿ ಟ್ರಾಫಿಕ್ ಇತ್ತು."

ಅವರು ತಲೆಯಾಡಿಸಿ ಹೊರಟುಹೋದರು. ಆಮೇಲೆ ಏಳು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸ್ಯಾನ್ ಮಟೇಯೊ ಸೇತುವೆ ದಾಟಿದರೆ ಹೇವರ್ಡ್, ಅರ್ಧ ಗಂಟೆಯ ದಾರಿ. ಒಂದು ಸಲವೂ ಆ ಮನೆಗೆ ಹೋಗುವ ಧೈರ್ಯ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ವೈನಿಯೇ ಫೋನ್ ಮಾಡಿದರು. "ಆ ಜಾಗಾ ಒಮ್ಮೆ ನೋಡಬೇಕ್ರಿ. ಕರ್ಕೊಂಡು ಹೋಗ್ತೀರೇನು?"

ಹೋದೆವು. ನನ್ನ ಪಕ್ಕ, ಮುಂದಿನ ಸೀಟಿನಲ್ಲೇ ಕೂತಿದ್ದರು. ಒಂದೂವರೆ ಗಂಟೆಯ ದಾರಿಯಲ್ಲಿ ನಾಲ್ಕು ಮಾತು ಆಡಿರಬಹುದು. ನಾವು ಮುಟ್ಟಿದಾಗ ಬಿಸಿಲು ಇಳಿದಿತ್ತು. ನವೆಂಬರಿನಲ್ಲಿ ಇಲ್ಲಿ ಐದಕ್ಕೆಲ್ಲ ಕತ್ತಲು. ಆರಕ್ಕೆ ಗೇಟು ಮುಚ್ಚುತ್ತಾರೆ. ಪಾರ್ಕಿಂಗಿನಲ್ಲಿ ನಮ್ಮದು ಬಿಟ್ಟು ಇನ್ನೊಂದು ಕಾರಿರಲಿಲ್ಲ.

ವೈನಿ ಆ ಎರಡೂ ಕುರ್ಚಿ ತಂದಿದ್ದರು. ದಂಡೆಯ ಮೇಲೆ ಅಕ್ಕಪಕ್ಕ ಹಾಕಿಸಿ, ಒಂದರಲ್ಲಿ ಕೂತರು.

"ಕೂಡ್ರಿ."

"ಬೇಡ ವೈನಿ... ಅದು ಗುರಣ್ಣಂದು."

"ಅಲ್ರಿ. ಅವರದರಾಗ ನಾ ಕೂತೇನಿ. ಅದು ನಿಮ್ಮದು."

ನನಗೆ ಕೂರಲಾಗಲಿಲ್ಲ. ಅದರ ಹಿಂದೆ ನಿಂತುಕೊಂಡೆ.

ಕತ್ತಲಾಯಿತು. ಗಾಳಿ ಪೂರ್ತಿ ನಿಂತುಹೋಯಿತು. ಎಲ್ಲೋ ದೂರದಲ್ಲಿ ಬಾತುಕೋಳಿಯೊಂದು ಕೂಗಿ ಸುಮ್ಮನಾಯಿತು. ಆಗ ವಾಸನೆ ಬಂತು... ನೀಲಗಿರಿ ಎಣ್ಣೆ. ಚಳಿಯಲ್ಲಿ ಗುರಣ್ಣ ಮೊಣಕಾಲಿಗೆ ಅದನ್ನೇ ಹಚ್ಚುತ್ತಿದ್ದದ್ದು. ಬೇ ಏರಿಯಾದಲ್ಲಿ ನೀಲಗಿರಿ ಮರಗಳಿಗೇನು ಬರ, ಅದೇ ವಾಸನೆ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಸುತ್ತ ನೋಡಿದೆ. ಆ ದಂಡೆಯಲ್ಲಿ ಇದ್ದದ್ದು ಓಕ್ ಮರಗಳು ಮಾತ್ರ.

ಸರ್ರ್ರ್... ಗಾಳದ ರೀಲಿನಿಂದ ದಾರ ಬಿಚ್ಚಿಕೊಳ್ಳುವ ಸದ್ದು. ನಮ್ಮ ಎಡಕ್ಕೆ, ಹತ್ತು ಹೆಜ್ಜೆಯೂ ಇಲ್ಲ. ಫೋನಿನ ಬೆಳಕು ಹಾಯಿಸಿದೆ. ಕಲ್ಲು, ಜೊಂಡು, ಕಪ್ಪು ನೀರು. ಯಾರೂ ಇಲ್ಲ.

ನೀರಿನಲ್ಲಿ ಏನೋ ಭಾರವಾದದ್ದು ಮಗುಚಿಕೊಂಡಿತು. ದೊಡ್ಡ ಮೀನು ಇರಬೇಕು. ಅಲೆ ದಂಡೆಗೆ ಬಂದು ತಾಕಿ ನಿಂತ ಮೇಲೆ, ನನ್ನ ಕಿವಿಯ ಮಟ್ಟದಲ್ಲಿ, ಫೋನಿನಲ್ಲಿ ಕೇಳುವಷ್ಟೇ ಸಹಜವಾಗಿ...

"ಎಲ್ಲೀತನಕಾ ಬಂದೀ ತಮ್ಮಾ?"

ಕೋಪವಿರಲಿಲ್ಲ ಆ ಸ್ವರದಲ್ಲಿ. ಕಾಯುತ್ತಿರುವವನು, ದಾರಿಯಲ್ಲಿರುವವನನ್ನು ಕೇಳುವ ಹಾಗಿತ್ತು. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಏನಾತ್ರಿ?" ವೈನಿ ಪಿಸುಗುಟ್ಟಿದರು.

ನನಗೆ ತಡೆಯಲಾಗಲಿಲ್ಲ. "ವೈನಿ, ನಾನು ದಾರೀಲಿರ್ಲಿಲ್ಲ... ಮನೇಲಿ ಮಲಗಿದ್ದೆ. ಬರ್ತೀನಿ ಅಂದಿದ್ದು ಬರೋದಕ್ಕಲ್ಲ, ಹೊರಡೋದಕ್ಕೆ. ಅವನು ತಪ್ಪು ತಿಳ್ಕೊಂಡ. ಗೊತ್ತಾದ್ರೂ ಹೇಳ್ಲಿಲ್ಲ." ಮಗುವಿನ ಹಾಗೆ ಅತ್ತೆ. ನಾಚಿಕೆಯಾಗಲಿಲ್ಲ.

"ಶನಿವಾರ ನಸಕನ್ಯಾಗ ಯಾವ ಟ್ರಾಫಿಕ್ ಇರ್ತದ್ರಿ?" ಅಂದರು ವೈನಿ. "ನನಗ ಅವತ್ತ ಗೊತ್ತಾತು. ನಿಮ್ಮ ಮಾರಿ ನೋಡಿ ಸುಮ್ಮನಾದೆ. ಸಿಟ್ಟು ಬಂದಿತ್ತು... ಭಾಳ ಬಂದಿತ್ತು. ಆದ್ರ ಅವರಿಗೆ ಗೊತ್ತಾಗಲಿಲ್ಲಲ್ಲ. ಬರ್ತಾನ ಅನಕೋತನ ಹೋದ್ರು."

ಆಮೇಲೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ನೀರಿನ ಕಡೆ ತಿರುಗಿದರು. ಮನೆಯಲ್ಲಿ ಊಟಕ್ಕೆ ಕರೆಯುವಾಗಿನ ಸ್ವರದಲ್ಲೇ ಹೇಳಿದರು.

"ನಿಮ್ಮ ತಮ್ಮ ಬಂದಾನ್ರೀ. ಇನ್ನ ಏಳ್ರಿ, ಮನೀಗೆ ಹೋಗೂಣು."

ಅಂದರೆ ಅವರಿಗೂ ಕೇಳಿಸಿತ್ತು...

ನನ್ನ ಕೈಯಡಿಯಲ್ಲಿ ಆ ಖಾಲಿ ಕುರ್ಚಿ ಕಿರ್ರ್ ಎಂದಿತು. ದಪ್ಪ ಮನುಷ್ಯರು ಕೈಯೂರಿ ಏಳುವಾಗ ಆಗುವ ಸದ್ದು. ಇಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ, ಬಿಗಿಯಾಗಿದ್ದ ಅದರ ಬಟ್ಟೆ ಸಡಿಲವಾದದ್ದು ಬೆರಳಿಗೆ ಗೊತ್ತಾಯಿತು.

ಹೇಗೆ ಕಾರಿನವರೆಗೆ ಬಂದೆನೋ ತಿಳಿಯದು. ಕುರ್ಚಿಗಳನ್ನು ಡಿಕ್ಕಿಗೆ ಹಾಕಿ ಮುಂದೆ ಬಂದರೆ, ವೈನಿ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಮುಂದೆ ಕೂತ್ಕೊಳ್ಳಿ ವೈನಿ."

"ಇಲ್ಲೇ ಇರ್ಲಿ. ನಡೀರಿ."

ಗೇಟು ದಾಟಿದ್ದೆವಷ್ಟೆ. ಟಿಂಗ್... ಟಿಂಗ್... ಟಿಂಗ್... ಪಕ್ಕದ ಸೀಟಿನ ಬೆಲ್ಟು ಹಾಕಿಲ್ಲವೆಂದು ಕಾರು ಬಡಿದುಕೊಳ್ಳತೊಡಗಿತು. ಸೀಟಿನ ಮೇಲೆ ಚೀಲವಿರಲಿಲ್ಲ, ಶಾಲು ಇರಲಿಲ್ಲ, ಒಂದು ಕಾಗದದ ಚೂರೂ ಇರಲಿಲ್ಲ. ಪರದೆಯ ಮೇಲೆ ಕೆಂಪು ದೀಪ. ಭಾರ ಬಿದ್ದರೆ ಮಾತ್ರ ಹತ್ತುವ ದೀಪ ಅದು. ಆಮೇಲೆ ಗ್ಯಾರೇಜಿನಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿದ್ದೇನೆ. ಏನೂ ಕೆಟ್ಟಿಲ್ಲವಂತೆ.

ನಾನು ಸ್ಟಿಯರಿಂಗ್ ಹಿಡಿದು ಮರಗಟ್ಟಿದ್ದೆ. ಹಿಂದಿನಿಂದ ವೈನಿ ಮುಂದಕ್ಕೆ ಬಾಗಿದರು. ಪಕ್ಕದ ಬೆಲ್ಟನ್ನು ನಿಧಾನವಾಗಿ ಎಳೆದು, ಹೊಟ್ಟೆಗೆ ಒತ್ತದಂತೆ ಒಂದಿಷ್ಟು ಸಡಿಲ ಬಿಟ್ಟು, ಟಕ್ಕೆಂದು ಸಿಕ್ಕಿಸಿದರು.

ಗಂಟೆ ನಿಂತಿತು.

ಬೆನಿಶಿಯಾ ಸೇತುವೆ, ಬೆಟ್ಟದ ಇಳಿಜಾರು, ಶನಿವಾರ ಸಂಜೆಯ ದೀಪಗಳ ಸಾಲು. ಕಾರಿನ ತುಂಬ ನೀಲಗಿರಿ ಎಣ್ಣೆಯ ವಾಸನೆ. ನಾನು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಹೇವರ್ಡಿನ ಮನೆಯ ಮುಂದೆ ವೈನಿ ಇಳಿದು, ಹೊರಗಿನಿಂದ ಮುಂದಿನ ಬಾಗಿಲು ತೆರೆದರು. ಬೆಲ್ಟು ಬಿಚ್ಚಿದರು. ಒಂದು ಕ್ಷಣ ಹಾಗೇ ಬಾಗಿಲು ಹಿಡಿದು ನಿಂತಿದ್ದು, ಆಮೇಲೆ ಮುಚ್ಚಿದರು. "ಹುಷಾರಾಗಿ ಹೋಗ್ರಿ, ಮಗಳು ಕಾಯ್ತಿರ್ತಾಳ" ಅಂದರು. ಒಳಗೆ ಹೋಗಿ ದೀಪ ಹಚ್ಚಿದ್ದು ಕಿಟಕಿಯಲ್ಲಿ ಕಂಡಿತು. ಈ ವಿಷಯ ನಾವಿಬ್ಬರೂ ಇವತ್ತಿನವರೆಗೆ ಮತ್ತೆ ಎತ್ತಿಲ್ಲ.

ಅದು ಏನೆಂದು ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ. ಈಗಲೂ ಒಬ್ಬನೇ ಕಾರು ಓಡಿಸುವಾಗ ಪಕ್ಕದ ಸೀಟು ನೋಡಲು ಭಯ. ಆದರೆ ಭಯಕ್ಕಿಂತ ಹೆಚ್ಚಾಗಿ ನನ್ನನ್ನು ತಿನ್ನುವುದು ಬೇರೆಯೇ. ಡ್ರೈವಿಗೆ ಜೊತೆ ಬೇಕು ಅಂದಿದ್ದ ಗುರಣ್ಣ. ಒಂದೂವರೆ ಗಂಟೆ ನನ್ನ ಪಕ್ಕ ಅವನು ಕೂತಿದ್ದನೋ ಏನೋ... ನಾನು ಹೆದರಿ, ಅವನೊಂದಿಗೆ ಒಂದು ಮಾತೂ ಆಡಲಿಲ್ಲ.