ಹೆಚ್ಚು ಆಟಗಳಿರುವ ಹಡಗು

ತೈನಾ ಕಾರಿನಲ್ಲಿ ಕೂತು ಫೋನಿನಲ್ಲಿ ಹಡಗು ಆರಿಸುತ್ತಿದ್ದಳು. ತುರ್ಕು ಎಂಬ ಬಂದರು ಊರಿನ ಫೆಬ್ರವರಿ. ಗಾಜಿನ ಮೇಲಿನ ಹಿಮವನ್ನು ಎಷ್ಟು ಕೆರೆದರೂ ಮತ್ತೆ ಕಟ್ಟುತ್ತಿತ್ತು. ಒಬ್ಬ ಮುದುಕನಿಗೆ ಮಾತ್ರೆ ನುಂಗಿಸಿ, ಊದಿದ ಕಾಲಿಗೆ ಬಿಗಿ ಕಾಲುಚೀಲ ಏರಿಸಿ ಬಂದಾಗಿತ್ತು. ಮುಂದಿನ ಮನೆಯಲ್ಲಿ ಒಬ್ಬ ಮುದುಕಿ ಓಟ್ಸ್ ಗಂಜಿಗೆ ಕಾಯುತ್ತಿದ್ದಳು. ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವುದು ತೈನಾಳ ಕೆಲಸ. ಎರಡು ಮನೆಗಳ ನಡುವೆ ಸಿಗುವ ಚೂರುಪಾರು ಬಿಡುವೇ ಅವಳ ಸ್ವಂತದ್ದು.

ಮಕ್ಕಳ ಚಳಿಗಾಲದ ರಜೆ ಹತ್ತಿರ ಬಂದಿತ್ತು. ತುರ್ಕುವಿನವರಿಗೆ ಸ್ಟಾಕ್‌ಹೋಮಿಗೆ ಹಡಗಿನಲ್ಲಿ ಹೋಗಿ, ನೆಲಕ್ಕೆ ಕಾಲೂ ಇಡದೆ ಹಾಗೇ ವಾಪಸು ಬರುವುದು ದೊಡ್ಡ ಸಂಗತಿಯೇನಲ್ಲ. ಬೆಳಗ್ಗೆ ಹೋದರೆ ಮರುದಿನ ಬೆಳಗ್ಗೆ ಮನೆ. ಮಗಳು ವೆನ್ಲಾಗೆ ಒಂಬತ್ತು, ಮಗ ಓಯ್ವಾಗೆ ಆರು. ಇಬ್ಬರಿಗೂ ಮಾತು ಕೊಟ್ಟಾಗಿತ್ತು. ಯಾವ ಹಡಗು ಅನ್ನುವುದಷ್ಟೇ ಬಾಕಿ.

ಹಳೆಯ ಹಡಗಿನಲ್ಲಿ ಮಕ್ಕಳಿಗೆಂದು ಇದ್ದದ್ದು ಒಂದು ಚಿಕ್ಕ ಕೋಣೆ, ಅದರಲ್ಲಿ ಬಣ್ಣದ ಪೆನ್ಸಿಲ್ಲು. ಹೊಸ ಹಡಗಿನಲ್ಲಿ ಏನುಂಟು ಏನಿಲ್ಲ! ಪ್ಲಾಸ್ಟಿಕ್ ಚೆಂಡು ತುಂಬಿದ ಕೊಳ, ಜಾರುಬಂಡಿ, ಬೆಚ್ಚನೆ ನೀರಿನ ಈಜುಕೊಳ, ನಿಧಿಬೇಟೆ, ಜಾದೂಗಾರ, ಮುಖಕ್ಕೆ ಬಣ್ಣ, ಸೀಲ್ ಮರಿಯ ವೇಷ ಹಾಕಿದವನ ಕುಣಿತ. ಬೆಳಗ್ಗೆಯಿಂದ ರಾತ್ರಿವರೆಗೆ ಒಂದಾದ ಮೇಲೊಂದು. ಜಾಹೀರಾತಿನ ಚಿತ್ರದಲ್ಲಿ ಮಕ್ಕಳು ಚೆಂಡುಗಳ ನಡುವೆ ಎಗರುತ್ತಿದ್ದರು. ಪಕ್ಕದ ಸೋಫಾದಲ್ಲಿ ಅವರ ಅಮ್ಮ ಕಾಲು ಚಾಚಿ, ಕಣ್ಣು ಅರೆಮುಚ್ಚಿ ಒರಗಿದ್ದಳು. ತೈನಾ ಮಕ್ಕಳನ್ನು ನೋಡಲೇ ಇಲ್ಲ. ಆ ಹೆಂಗಸನ್ನೇ ನೋಡಿದಳು.

ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದದ್ದು ಸಮುದ್ರವಲ್ಲ, ನಿದ್ದೆ. ಮಕ್ಕಳನ್ನು ಯಾರಾದರೂ ನಗುನಗುತ್ತಾ ಆಡಿಸುತ್ತಿರಬೇಕು, ತಾನು ಹಡಗಿನ ತಳದ ಕಿಟಕಿಯಿಲ್ಲದ ಕೋಣೆಯಲ್ಲಿ ಬಿದ್ದುಕೊಂಡು, ಯಾರೂ ಕರೆಯದ ಹಾಗೆ, ಮೈಮರೆತು ಮಲಗಬೇಕು. ಅಷ್ಟೇ. ಜೊತೆಯವರು ಇಬ್ಬರು ಕೆಲಸ ಬಿಟ್ಟು ಹೋದಮೇಲೆ ಅವರು ಹೋಗುತ್ತಿದ್ದ ಮನೆಗಳೂ ಇವಳ ಪಾಲಿಗೆ ಬಂದಿದ್ದವು. ಮಕ್ಕಳ ಅಪ್ಪ ಯಾರ್ನೊ ವಾರ ಬಿಟ್ಟು ವಾರ ಅವರನ್ನು ಕರೆದೊಯ್ಯಬೇಕಿತ್ತು. ಆದರೆ ಅವನಿಗೆ ತಾನಿರುವ ತಾಂಪೆರೆಯಿಂದ ತುರ್ಕುವಿನ ದಾರಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಹೋಗುತ್ತಿತ್ತು. ಅದು ಯಾವ ಭೂಗೋಳವೋ, ದೇವರೇ ಬಲ್ಲ.

ಹಾಗಾದರೆ ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳಬಾರದೇ? ಹೇಳುವ ಹಾಗಿರಲಿಲ್ಲ. ಬೇರೆಯಾದ ದಿನ ಯಾರ್ನೊ ಕೋಟು ಹಾಕಿಕೊಳ್ಳುತ್ತಾ ಅಂದಿದ್ದ: "ನಿನ್ನ ಕೈಲಿ ಆಗಲ್ಲ ಅನ್ನಿಸಿದ್ರೆ ಹೇಳು. ಮಕ್ಕಳನ್ನ ನಾನೇ ಇಟ್ಕೋತೀನಿ." ಒಳ್ಳೆಯ ಮನಸ್ಸಿನಿಂದ ಹೇಳಿದನೋ, ಹೆದರಿಸಲು ಹೇಳಿದನೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ತೈನಾ ಮಾತ್ರ ಅವತ್ತಿನಿಂದ ಸುಸ್ತು ಅನ್ನುವ ಮಾತನ್ನೇ ಬಾಯಿಗೆ ತರಲಿಲ್ಲ. ಹೇಳಿದರೆ ಮಕ್ಕಳು ಕೈತಪ್ಪುತ್ತಾರೆ ಅಂತ ಅವಳ ತಲೆಯಲ್ಲಿ ಬೇರೂರಿಬಿಟ್ಟಿತ್ತು.

ಭಾನುವಾರ ಸಿರ್ಕಾ ಬಂದಳು. ಯಾರ್ನೊನ ತಾಯಿ, ಮಕ್ಕಳಿಗೆ ಮುಮ್ಮೊ, ಅಂದರೆ ಅಜ್ಜಿ. ಮಕ್ಕಳು ಕರೆಯುವ ಹಾಗೇ ತೈನಾಳೂ ಕರೆಯುತ್ತಿದ್ದಳು. ಮಗ ಆ ಮನೆ ಬಿಟ್ಟರೂ ತಾಯಿ ಬಿಟ್ಟಿರಲಿಲ್ಲ. ಕೆನೆ ತುಂಬಿದ ಬನ್ನುಗಳ ಡಬ್ಬ ಹಿಡಿದು ಬಂದವಳು, ಕೋಟು ಬಿಚ್ಚುವ ಮೊದಲೇ ಶುರುಮಾಡಿದಳು.

"ಇದರೊಳಗೆ ಕೆನೆ ಜೊತೆ ಜಾಮ್ ಇದೆ. ಜಾಮ್ ಬೇಡ, ಬಾದಾಮಿನೇ ಬೇಕು ಅನ್ನೋರು ಬೇರೆ ಮನೆ ಹುಡುಕ್ಕೊಳ್ಳಿ. ಏನೇ ತೈನಾ, ಹಡಗು ಗೊತ್ತಾಯ್ತಾ?"

"ಹೊಸದು, ಮುಮ್ಮೊ. ಬೆಳಗ್ಗೆಯಿಂದ ರಾತ್ರಿವರೆಗೂ ಮಕ್ಕಳಿಗೆ ಏನಾದ್ರೂ ಇದ್ದೇ ಇದೆ."

"ಹಳೇದೇ ಸಾಕಿತ್ತು. ಮಾಡೋಕೇನೂ ಇಲ್ದಿದ್ರೆ ಮಕ್ಕಳು ತಾವಾಗೇ ಮಲಗ್ತಾವೆ. ಯಾರ್ನೊನ್ನ ನಾನು ಹಾಗೇ ಬೆಳೆಸಿದ್ದು."

"ಅದಕ್ಕೇ ಹಾಗಾಗಿದ್ದು," ಅಂದಳು ತೈನಾ.

ಸಿರ್ಕಾ ನಕ್ಕಳು. ಮಗನ ವಿಷಯದಲ್ಲಿ ಅವಳಿಗೆ ಭ್ರಮೆಯೇನೂ ಇರಲಿಲ್ಲ. ಆಮೇಲೆ ಸೊಸೆಯ ಕಣ್ಣ ಕೆಳಗಿನ ಕಪ್ಪನ್ನು ದಿಟ್ಟಿಸಿ ನೋಡಿದಳು.

"ಇಷ್ಟೊಂದು ಆಟ ಮಕ್ಕಳಿಗೋ, ನಿನಗೋ?"

"ಮಕ್ಕಳಿಗೇ, ಮತ್ತಿನ್ಯಾರಿಗೆ?"

"ನಾನೂ ಬರ್ಲಾ? ನಂಗೂ ಮನೇಲಿ ಬೇಜಾರು."

"ಬೇಡ ಬೇಡ. ನಾವು ಆರಾಮಾಗಿದೀವಿ."

ಆರಾಮಾಗಿದೀವಿ ಅನ್ನುವಾಗ ಅವಳು ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡಿದ್ದಳು. ಸಿರ್ಕಾ ನೋಡುತ್ತಿದ್ದಳು. ತೈನಾ ಅದನ್ನೇ ಕುಡಿದು ಮುಗಿಸಿದಳು.

ಹಡಗು ಹೊರಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ತಳಕ್ಕೆ ಹಿಮಗಡ್ಡೆ ತಿಕ್ಕಿ ಕರಕರ ಸದ್ದು. ತೈನಾ ಕೋಣೆಯಲ್ಲಿ ಚೀಲ ಇಟ್ಟು, ಹಾಸಿಗೆಯ ಮೇಲೆ ಒಮ್ಮೆ ಕೈ ಒತ್ತಿ ನೋಡಿದಳು. ಮೆತ್ತಗಿತ್ತು. ಮಕ್ಕಳನ್ನು ಕರೆದುಕೊಂಡು ಹೆಚ್ಚುಕಮ್ಮಿ ಓಡಿಕೊಂಡೇ ಆಟದ ಕೋಣೆಗೆ ಹೋದಳು. ಬಾಗಿಲಲ್ಲಿ ಪಟ್ಟೆಪಟ್ಟೆ ಅಂಗಿಯ ಹುಡುಗಿಯೊಬ್ಬಳು ನಿಂತಿದ್ದಳು.

"ಇವರಿಬ್ಬರನ್ನ ಬಿಟ್ಟು ಹೋಗ್ತೀನಿ. ಎಷ್ಟೊತ್ತಿಗೆ ಬರ್ಲಿ?"

"ಅಯ್ಯೋ, ಬಿಟ್ಟು ಹೋಗೋ ಹಾಗಿಲ್ಲ," ಹುಡುಗಿ ಗೋಡೆಯ ಬೋರ್ಡು ತೋರಿಸಿದಳು. "ಆಡಿಸೋದು ನಾವು, ನೋಡ್ಕೊಳ್ಳೋದು ನೀವೇ."

ದೊಡ್ಡವರು ಇಲ್ಲೇ ಇರಬೇಕು, ಮಕ್ಕಳ ಮೇಲೆ ಅವರ ಕಣ್ಣಿರಬೇಕು ಅಂತ ಅದರಲ್ಲಿ ಬರೆದಿತ್ತು. ವೆನ್ಲಾ ಅದನ್ನು ತಮ್ಮನಿಗೆ ನಿಧಾನವಾಗಿ ಓದಿ ಹೇಳಿದಳು. ಚಿತ್ರದ ಹೆಂಗಸು ಕಣ್ಣು ಅರೆಮುಚ್ಚಿದ್ದಳೇ ಹೊರತು ಪೂರ್ತಿ ಮುಚ್ಚಿರಲಿಲ್ಲ ಅನ್ನುವುದು ತೈನಾಗೆ ಆಗ ಹೊಳೆಯಿತು. ಒಳಗಿನ ಆಸೆ ಕಮರಿ ಹೋಯಿತು. ಅಳು ಬರುವ ಹಾಗಾಯಿತು. ಆದರೆ ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಅಲ್ಲಿಂದ ಶುರುವಾಯಿತು ಅವಳ ಪಾಡು. ಆಟ ಹೆಚ್ಚಿದ್ದಷ್ಟೂ ಅವಳಿಗೇ ಕೇಡು. ನಿಧಿಬೇಟೆಗೆ ಮಕ್ಕಳ ಹಿಂದೆ ಮೆಟ್ಟಿಲು ಹತ್ತಿ ಇಳಿದಳು. ಈಜುಕೊಳದಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತಳು. ಮುಖಕ್ಕೆ ಬಣ್ಣ ಹಚ್ಚಿಸುವ ಸಾಲಿನಲ್ಲಿ ಕಾದಳು. ಓಯ್ವಾ ಹುಲಿಯಾದ, ವೆನ್ಲಾ ಬೆಕ್ಕಾದಳು. ಜಾದೂಗಾರ ಟೋಪಿಯಿಂದ ಏನು ತೆಗೆದನೋ ಅವಳಿಗೆ ನೆನಪಿಲ್ಲ, ತಾನೂ ಚಪ್ಪಾಳೆ ತಟ್ಟಿದ್ದು ನೆನಪಿದೆ. ಊಟಕ್ಕೆ ಮೀನು, ಮಾಂಸದುಂಡೆ ಸಾಲುಸಾಲಾಗಿ ಜೋಡಿಸಿಟ್ಟಿದ್ದರೂ ಅವಳು ಆಲೂಗಡ್ಡೆಯೊಂದನ್ನೇ ಬಡಿಸಿಕೊಂಡು ಬಂದಳು. ಅಗಿಯುವುದೂ ಕೆಲಸವೇ ಅನ್ನಿಸುತ್ತಿತ್ತು.

ಊಟವಾದ ಮೇಲೆ ಮತ್ತೆ ಚೆಂಡಿನ ಕೊಳ. ಆಮೇಲೆ ಪಕ್ಕದ ಕೋಣೆಯಲ್ಲಿ ಸೀಲ್ ಮರಿಯ ಕುಣಿತ. ಓಯ್ವಾ ಎರಡು ವಾರದಿಂದ ಜಪಿಸುತ್ತಿದ್ದದ್ದು ಅದೊಂದನ್ನೇ. ತೈನಾ ಪಕ್ಕದ ಬೆಂಚಿನ ಮೇಲೆ ಕೂತಳು. ಕೊಳದಲ್ಲಿ ಕಿವಿ ತೂತಾಗುವ ಹಾಗೆ ಮಕ್ಕಳ ಗಲಾಟೆ. ಅವಳ ಮಕ್ಕಳು ಮಾತ್ರ ಮೀನುಗಳ ಹಾಗೆ ಸದ್ದಿಲ್ಲದೆ ಮುಳುಗಿ ಏಳುತ್ತಿದ್ದರು. ಓಯ್ವಾಗೆ ನಗು ತಡೆಯದಾದಾಗ ವೆನ್ಲಾ ತುಟಿಗೆ ಬೆರಳಿಡುತ್ತಿದ್ದಳು, ಅವನು ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

"ನಿಮ್ಮ ಮಕ್ಕಳೇನ್ರೀ ಅವು? ಎಷ್ಟು ಚೆನ್ನಾಗಿ ಆಡ್ತಾವೆ, ಒಂಚೂರು ಸದ್ದಿಲ್ಲ," ಪಕ್ಕದಲ್ಲಿದ್ದ ಹೆಂಗಸು ಅಂದಳು. "ನಮ್ಮವು ನೋಡಿ, ಗಂಟಲು ಹರ್ಕೋತಿವೆ. ಹೇಗೆ ಕಲಿಸಿದ್ರಿ?"

"ಕಲಿಸಿಲ್ಲ, ಅವರಿರೋದೇ ಹಾಗೆ," ಅಂದಳು ತೈನಾ. ಆ ಇಡೀ ದಿನದಲ್ಲಿ ಅವಳಿಗೆ ಹೆಮ್ಮೆ ಅನ್ನಿಸಿದ್ದು ಅದೊಂದೇ ಸಲ. ಆ ಹೆಮ್ಮೆಯ ಬಿಸುಪಿನಲ್ಲೇ ತಲೆ ಬೆಂಚಿನ ಬೆನ್ನಿಗೆ ಒರಗಿತು.

ಎಚ್ಚರವಾದಾಗ ಕೊಳದಲ್ಲಿ ಬೇರೆ ಮಕ್ಕಳಿದ್ದರು. ಪಕ್ಕದ ಹೆಂಗಸು ಹೊರಟುಹೋಗಿದ್ದಳು. ಹುಲಿಯೂ ಇಲ್ಲ, ಬೆಕ್ಕೂ ಇಲ್ಲ. "ಓಯ್ವಾ! ವೆನ್ಲಾ!" ಎಂದು ಕೂಗುತ್ತಾ ಬಾಗಿಲತ್ತ ಓಡಿದಳು. ಹಡಗಿನ ಹೊರಗಿನ ಡೆಕ್ಕು, ಅದರ ಅಂಚಿನ ಕಂಬಿ, ಕೆಳಗೆ ಹಿಮಗಡ್ಡೆಗಳ ನಡುವೆ ಕಪ್ಪು ನೀರು, ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂತು. ಅದರ ಹಿಂದೆಯೇ ಕೋಟು ಹಾಕಿಕೊಳ್ಳುತ್ತಿದ್ದ ಯಾರ್ನೊನ ಮುಖವೂ ಬಂತು.

ಪಟ್ಟೆ ಅಂಗಿಯ ಹುಡುಗಿ ಅವಳ ತೋಳು ಹಿಡಿದಳು. "ಎಲ್ಲಿಗೆ ಓಡ್ತಿದೀರಿ? ಅಲ್ಲೇ ಇದಾರಲ್ಲ."

ತೈನಾ ತಿರುಗಿ ನೋಡಿದಳು. ಅವಳು ಮಲಗಿದ್ದ ಬೆಂಚಿನ ಹಿಂದೆ, ನೆಲದ ಮೇಲೆ, ಒಂದೇ ಕೋಟನ್ನು ಇಬ್ಬರೂ ಕಾಲಿಗೆ ಹೊದ್ದು ಕೂತಿದ್ದರು. ಹುಲಿಯ ಒಂದು ಮೀಸೆ ಅಳಿಸಿಹೋಗಿತ್ತು. ತೈನಾ ಅವರ ಮುಂದೆ ಕುಸಿದು ಕೂತಳು.

"ಇಲ್ಯಾಕೆ ಕೂತಿದೀರಿ? ಸೀಲ್ ಮರಿ ಕುಣಿಯೋದು?"

"ಮುಗೀತು," ವೆನ್ಲಾ ಪಿಸುಗುಟ್ಟಿದಳು.

"ನೀವು ಹೋಗ್ಲಿಲ್ವಾ?"

"ದೊಡ್ಡೋರ ಕಣ್ಣಿರ್ಬೇಕು ಅಂತ ಬರ್ದಿದೆಯಲ್ಲಮ್ಮ. ನಿನ್ನ ಕಣ್ಣು ಮುಚ್ಚಿತ್ತು. ಅದಕ್ಕೇ ಕೊಳದಿಂದ ಹೊರಗೆ ಬಂದ್ವಿ."

"ನನ್ನ ಎಬ್ಬಿಸೋದಲ್ವೇನೇ?"

ಅಮ್ಮ ಏನೋ ತಪ್ಪು ಮಾತಾಡಿದಳು ಅನ್ನುವ ಹಾಗೆ ಓಯ್ವಾ ಅಕ್ಕನ ಮುಖ ನೋಡಿದ. "ಅಮ್ಮ ಮಲಗಿದ್ರೆ ಎಬ್ಬಿಸ್ಬಾರ್ದು. ಮನೇಲೂ ಎಬ್ಬಿಸಲ್ಲ. ನೀನು ಕೆಲಸದಿಂದ ಬಂದು ಸೋಫಾ ಮೇಲೆ ಮಲಗ್ತೀಯಲ್ಲ, ಆಗ ನಾವು ಟೀವಿ ಸದ್ದಿಲ್ದೆ ನೋಡ್ತೀವಿ. ಅವರೇನು ಮಾತಾಡ್ತಾರೆ ಅಂತ ನಂಗೆ ಬಾಯಿ ನೋಡಿದ್ರೇ ಗೊತ್ತಾಗುತ್ತೆ," ಎಂದ. ಅವನ ದನಿಯಲ್ಲಿ ಜಂಬವಿತ್ತು.

"ಯಾವಾಗ್ಲೂ ಅಲ್ಲ," ವೆನ್ಲಾ ತಿದ್ದಿದಳು. "ಅರ್ಧ ಸುಮ್ನೆ ಹೇಳ್ತಾನೆ."

ಅವರಿರೋದೇ ಹಾಗೆ ಅಂತ ತೈನಾ ಸ್ವಲ್ಪ ಮುಂಚೆ ಬೀಗಿದ್ದಳಲ್ಲ, ಆ ಮಾತು ಈಗ ಅವಳನ್ನೇ ಚುಚ್ಚಿತು. ಅವಳು ಬಾಯಿಬಿಟ್ಟು ಹೇಳದ ಸುಸ್ತನ್ನು ಇಡೀ ಜಗತ್ತಿನಿಂದ ಬಚ್ಚಿಟ್ಟಿದ್ದಳು. ಈ ಎರಡು ಜೀವಗಳು ಅದನ್ನು ಹೊತ್ತುಕೊಂಡು, ಉಸಿರು ಬಿಗಿಹಿಡಿದು ಬೆಳೆಯುತ್ತಿದ್ದವು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಎರಡು ವಾರ ಕಾದ ಕುಣಿತವನ್ನು ಬಿಟ್ಟು, ತನ್ನ ಗೊರಕೆ ಕಾಯುತ್ತಾ ಕೂತಿದ್ದನಲ್ಲ ಹುಡುಗ!

ಹಡಗು ದ್ವೀಪಗಳ ನಡುವೆ ಸಾಗುತ್ತಿತ್ತು. ಫೋನಿಗೆ ಸಿಗ್ನಲ್ ಇತ್ತು. ತೈನಾ ನೆಲದಿಂದ ಏಳದೆಯೇ ಸಿರ್ಕಾಗೆ ಫೋನ್ ಮಾಡಿದಳು.

"ಏನಾಯ್ತು? ಮುಳುಗ್ತಿದೀರಾ?" ಆ ಕಡೆಯಿಂದ ಸಿರ್ಕಾ ಕೇಳಿದಳು.

"ಇಲ್ಲ ಮುಮ್ಮೊ." ಯಾರ್ನೊನ ಮಾತು, ಅವನ ಕೋಟು ಮತ್ತೆ ಮನಸ್ಸಿಗೆ ಬಂದವು. ಎದುರಿಗೆ ಮಕ್ಕಳಿಬ್ಬರೂ ತುಟಿ ಬಿಗಿದುಕೊಂಡು, ಅಮ್ಮ ಫೋನಿನಲ್ಲಿದ್ದಾಳೆಂದು, ಉಸಿರೂ ಕೇಳದ ಹಾಗೆ ಕೂತಿದ್ದರು. "ನಂಗೆ ತುಂಬ ಸುಸ್ತಾಗಿದೆ. ನನ್ನ ಕೈಲಿ ಆಗ್ತಿಲ್ಲ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ಇಷ್ಟು ಹೇಳೋಕೆ ಸಮುದ್ರದ ಮಧ್ಯಕ್ಕೆ ಹೋಗ್ಬೇಕಿತ್ತೇನೇ? ಉಪ್ಪಿನ ಕಾಫಿ ಕುಡ್ದಾಗ್ಲೇ ನಂಗೊತ್ತಾಯ್ತು. ನೀನು ಹೇಳ್ಲಿ ಅಂತ ಕಾಯ್ತಿದ್ದೆ."

"ಯಾರ್ನೊಗೆ..."

"ಅವನಿಗ್ಯಾಕೆ ಹೇಳ್ಲಿ? ಅವನು ಒಂದು ಬೆಕ್ಕು ಸಾಕೋಕಾಗ್ದೆ ನನ್ನ ಹತ್ರ ಬಿಟ್ಟು ಹೋದೋನು. ನಾಳೆ ಬೆಳಗ್ಗೆ ಬಂದರಿಗೆ ಬರ್ತೀನಿ. ಮಕ್ಕಳು ನನ್ನ ಜೊತೆ ಬರ್ಲಿ, ರಜೆ ಮುಗಿಯೋವರೆಗೂ ಇರ್ಲಿ. ನೀನು ಮನೆಗೆ ಹೋಗಿ ಮಲಕ್ಕೋ. ಇನ್ಮೇಲೆ ಶನಿವಾರ ಶನಿವಾರ ನಂಗೇ. ಕೇಳಿಸ್ತಾ?"

"ಕೇಳಿಸ್ತು," ಅಂದಳು ತೈನಾ. ಸಿರ್ಕಾಳ ದನಿ ಮಕ್ಕಳಿಗೂ ಕೇಳುವಷ್ಟು ಜೋರಾಗಿತ್ತು. ತೈನಾಳ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಓಯ್ವಾ ಅವಳ ತೋಳು ಜಗ್ಗಿ, ಬಾಯಿ ಮಾತ್ರ ಆಡಿಸಿ ಏನೋ ಕೇಳಿದ. ಸದ್ದು ಹೊರಡಲಿಲ್ಲ. ತೈನಾಗೆ ಅರ್ಥವಾಗಲಿಲ್ಲ.

"ಏನೋ? ಜೋರಾಗಿ ಹೇಳು," ಅಂದಳು.

ಅವನು ಅಕ್ಕನ ಕಡೆ ನೋಡಿದ. ವೆನ್ಲಾ ತುಟಿಯ ಮೇಲಿಟ್ಟಿದ್ದ ಬೆರಳನ್ನು ನಿಧಾನವಾಗಿ ತೆಗೆದಳು.

"ಮುಮ್ಮೊ ಮನೇಲಿ ಕಿರುಚಬೋದಾ ಅಂತ ಕೇಳು!" ಹುಲಿ ಕೂಗಿದ ಸದ್ದಿಗೆ ಕೊಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕೇಳಬೇಕಾದ ಅಗತ್ಯವೇ ಬೀಳಲಿಲ್ಲ. ಫೋನಿನ ಆ ತುದಿಯಲ್ಲಿ ಮುದುಕಿಗೆ ಎಲ್ಲವೂ ಚೆನ್ನಾಗಿ ಕೇಳಿಸಿತ್ತು.