ಬೀಟ್ ನೋಡಿದಿರಾ?

ನಾನು ವಿಮಾನ ಕಾರ್ಖಾನೆಯೊಂದರ ಕಾವಲು ವಿಭಾಗದಲ್ಲಿ ನೌಕರಿ ಮುಗಿಸಿದವನು. ಅಲ್ಲಿ ಬೀಟ್ ಎಂದರೆ ಒಂದೇ ಅರ್ಥ: ಕಾವಲುಗಾರ ಕಾಂಪೌಂಡಿನ ಉದ್ದಕ್ಕೂ ಹಾಕಬೇಕಾದ ಸುತ್ತು. ಬೀಟ್ ತಪ್ಪಿಸಿದವನಿಗೆ ಮೆಮೊ ಗ್ಯಾರಂಟಿ. ನಿವೃತ್ತನಾಗಿ ಹೊಸ ತಿಪ್ಪಸಂದ್ರದ ನಮ್ಮ ತಾರಸಿಯಲ್ಲಿ ಪಾರಿವಾಳದ ಗೂಡು ಕಟ್ಟಿಸಿದಾಗಲೂ ಆ ಪದ ನನ್ನ ತಲೆಯಲ್ಲಿ ಯೂನಿಫಾರಂ ಬಿಚ್ಚದೆ ಕೂತಿತ್ತು.

ಪಾರಿವಾಳಗಳನ್ನು ಕೊಟ್ಟವರು ಕಮರ್ಷಿಯಲ್ ಸ್ಟ್ರೀಟಿನ ಒಬ್ಬ ಬಟ್ಟೆ ವ್ಯಾಪಾರಿ. ಮನೆ ಶಿವಾಜಿನಗರದಲ್ಲಿ, ಅಜ್ಜನ ಕಾಲದಿಂದ ಅವರ ಮಾಳಿಗೆಯ ಮೇಲೆ ಪಾರಿವಾಳ. ನನಗೆ ಪ್ಯಾಂಟ್ ಬಟ್ಟೆ ಅಳೆದು ಕೊಡುತ್ತಲೇ ಈ ಹುಚ್ಚನ್ನೂ ಒಂದಿಷ್ಟು ಕತ್ತರಿಸಿ ಕೊಟ್ಟ ಮನುಷ್ಯ. ಪಂಜರ ಕೈಗಿಡುವಾಗ ಒಂದೇ ಮಾತು ಹೇಳಿದರು: “ಸಾಬ್, ರೋಜ್ ಸುಬಾ ಬೀಟ್ ನೋಡಿ. ಬೀಟ್ ಸರಿ ಇದ್ರೆ ಪಕ್ಷಿ ಸರಿ. ಬಾಕಿ ಸಬ್ ಖುದಾ ನೋಡ್ಕೊಳ್ತಾನೆ.”

ಬೀಟ್ ನೋಡುವುದನ್ನು ನನಗೆ ಹೇಳಿಕೊಡಬೇಕೇ? ಬೆಳಿಗ್ಗೆ ಎದ್ದು ಮೊದಲು ಗೂಡಿನ ನೆಲ ಗುಡಿಸಿ ಫಳಫಳ ಮಾಡುತ್ತಿದ್ದೆ. ಆಮೇಲೆ ಹಕ್ಕಿಗಳನ್ನು ಬಿಟ್ಟು, ಕುರ್ಚಿ ಹಾಕಿಕೊಂಡು, ಕಾಫಿ ಲೋಟ ಹಿಡಿದು ಆಕಾಶ ನೋಡುತ್ತಿದ್ದೆ. ನೀರಿನ ಟ್ಯಾಂಕ್ ದಾಟಿ, ಮಾರ್ಕೆಟ್ ರಸ್ತೆಯ ಮೇಲೆ ಹಾದು ಸುತ್ತು ಮುಗಿಸಿ ಬರುತ್ತಿದ್ದವು. ಶಿಸ್ತಿನ ಸಿಬ್ಬಂದಿ.

ನನ್ನ ಹೆಂಡತಿಗೆ ಮೊದಮೊದಲು ಇದು ಹಿಡಿಸಿರಲಿಲ್ಲ. “ಮನೇಲಿ ನಿಮ್ಮ ಗುಟುರೇ ಸಾಲದಾ, ಇವುಗಳದ್ದೂ ಬೇರೆ ಬೇಕಿತ್ತಾ?” ಎಂದಿದ್ದಳು. ಆದರೆ ಬೂದಿ ಬಣ್ಣದ ಒಂದು ಹೆಣ್ಣು ಅಡುಗೆಮನೆಯ ಕಿಟಕಿಗೆ ಬಂದು ಅವಳ ಅಂಗೈಯಿಂದ ಕಡಲೆಬೇಳೆ ಹೆಕ್ಕಿ ತಿನ್ನಲು ಶುರುಮಾಡಿತು. ಅಲ್ಲಿಂದ ಅದು ಅವಳ ಪಾಲಿಗೆ ‘ನಮ್ಮ ಹುಡುಗಿ’. ಹುಡುಗಿ ಎರಡು ಮೊಟ್ಟೆಯಿಟ್ಟಾಗ ಹೆಂಡತಿ ಪಾಯಸ ಮಾಡಿದಳು. ನನ್ನ ಪ್ರಮೋಷನ್ನಿಗೆ ಬರೀ ಕೇಸರಿಬಾತ್ ಮಾಡಿದ್ದಳು.

ಪಾರಿವಾಳಗಳು ಕಾವು ಕೊಡುವುದು ಪಾಳಿಯಲ್ಲಿ. ಹಗಲಿಗೆ ಗಂಡು, ಸಂಜೆಯಿಂದ ಮರುದಿನ ಬೆಳಿಗ್ಗೆವರೆಗೆ ಹೆಣ್ಣು. ಕಾವಿಗೂ ಕಾವಲಿಗೂ ಒಂದೇ ಅಕ್ಷರದ ವ್ಯತ್ಯಾಸ ಎಂದು ನಾನು ಬೀಗುತ್ತಿದ್ದೆ. ಒಂದು ಸಂಜೆ ಪಾಳಿ ಬದಲಾಗಲಿಲ್ಲ. ಕಾರ್ಖಾನೆಯ ಸೈರನ್ ಕೂಗಿ ಎಷ್ಟೋ ಹೊತ್ತಾದರೂ ಗಂಡು ಇನ್ನೂ ಮೊಟ್ಟೆಯ ಮೇಲೇ ಕೂತು, ರಿಲೀವರ್ ಬಾರದ ಕಾವಲುಗಾರನ ಹಾಗೆ ನನ್ನತ್ತ ಗುರಾಯಿಸುತ್ತಿತ್ತು. ಹೆಣ್ಣು ಮೂಲೆಯಲ್ಲಿ ಗರಿ ಉಬ್ಬಿಸಿ, ಚೆಂಡಿನಂತೆ ಮುದುಡಿ ಕೂತಿತ್ತು. ಕೈಗೆತ್ತಿಕೊಂಡೆ. ಎದೆಯ ಮೂಳೆ ಚೂಪಾಗಿ ಬೆರಳಿಗೆ ತಾಗಿತು.

ವ್ಯಾಪಾರಿಗೆ ಫೋನ್ ಮಾಡಿದೆ.

“ಬೀಟ್ ಹೆಂಗಿದೆ ಸಾಬ್?”

“ಫಸ್ಟ್ ಕ್ಲಾಸ್. ನಿನ್ನೆವರೆಗೂ ಟ್ಯಾಂಕ್ ಸುತ್ತಿ ಹಾರ್ತಿತ್ತು.”

“ಸಾಬ್, ಬೀಟ್ ಹಾರಲ್ಲ. ಬೀಟ್ ಬೀಳತ್ತೆ.”

“ಅಂದ್ರೆ?”

“ಅರೆ, ಹಿಕ್ಕೆ ಸಾಬ್, ಹಿಕ್ಕೆ! ನಮ್ಮ ಮಾತಲ್ಲಿ ಹಿಕ್ಕೆಗೆ ಬೀಟ್ ಅಂತಾರೆ. ಇಷ್ಟು ದಿನ ಏನ್ ನೋಡ್ತಿದ್ರಿ?”

ಪಕ್ಕದಲ್ಲಿದ್ದ ಹೆಂಡತಿಗೆ ಎಲ್ಲ ಕೇಳಿಸಿತು. “ನೋಡ್ಬೇಕಾದ್ದನ್ನ ಗುಡಿಸಿ ಎಸೆದು, ಆಮೇಲೆ ಆಕಾಶ ನೋಡ್ಕೊಂಡು ಕೂತಿದ್ರಾ?” ಎಂದಳು. ನಗುವಳೋ ಎಂದು ನೋಡಿದೆ. ಅವಳ ಕಣ್ಣು ಹಕ್ಕಿಯ ಮೇಲಿತ್ತು. “ಇದು ಹೋದ್ರೆ ಆ ಗೂಡಿನ ಕಡೆ ನನ್ನನ್ನ ಕರೀಬೇಡಿ.”

ಹಳೇ ಮಿಕ್ಸಿಯ ರಟ್ಟಿನ ಪೆಟ್ಟಿಗೆಯಲ್ಲಿ ಪತ್ರಿಕೆ ಹಾಸಿ, ಬೆಚ್ಚಗಿರಲೆಂದು ಒಂದು ಪಕ್ಕಕ್ಕೆ ಬಲ್ಬ್ ತೂಗುಹಾಕಿ ಹಕ್ಕಿಯನ್ನು ಬೇರೆಯಿಟ್ಟೆವು. ಬೆಳಿಗ್ಗೆ ನೋಡಿದರೆ ಪತ್ರಿಕೆಯ ಮೇಲೆ ಹಸಿರು ನೀರು, ಲೋಳೆ, ಕೆಟ್ಟ ವಾಸನೆ. ಆರೋಗ್ಯದ ಹಕ್ಕಿಯದು ಗಟ್ಟಿಯಾಗಿ, ಕಂದು ಬಣ್ಣಕ್ಕಿದ್ದು, ಮೇಲೊಂದು ಬಿಳಿ ಟೋಪಿ ಇರಬೇಕಂತೆ. ಅಂಥ ಟೋಪಿಧಾರಿಗಳನ್ನು ನಾನು ಸಾವಿರಗಟ್ಟಲೆ ಗುಡಿಸಿದ್ದೆ.

ಹಲಸೂರಿನ ಪಕ್ಷಿವೈದ್ಯೆಯ ಬಳಿಗೆ ಆಟೊದಲ್ಲಿ ಹೊರಟೆವು. ಪೆಟ್ಟಿಗೆ ಹೆಂಡತಿಯ ಮಡಿಲಲ್ಲಿ. ನನ್ನ ಕೈಯಲ್ಲಿ ಸ್ಯಾಂಪಲ್ ತುಂಬಿದ ಇಂಗಿನ ಡಬ್ಬಿ. ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದೆ.

“ಪ್ರಸಾದಾನಾ ಸಾರ್?” ಎಂದ ಆಟೊದವನು ಕನ್ನಡಿಯಲ್ಲಿ ನೋಡುತ್ತಾ.

“ಬೇಕಾ?” ಎಂದಳು ಹೆಂಡತಿ. ಆ ಎರಡು ದಿನದಲ್ಲಿ ಅವಳು ಆಡಿದ ಒಂದೇ ತಮಾಷೆ ಅದು.

ವೈದ್ಯೆ ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಸಣ್ಣ ಬೋಂಡಾದಂಥ ದುಂಡನೆಯ ವಸ್ತುಗಳು. “ಕಾಕ್ಸಿಡಿಯಾ. ಕರುಳನ್ನ ಕೊರೆಯೋ ಜೀವಿ,” ಎಂದರು. “ಹಸಿರು ಅಂದ್ರೆ ಎಲ್ಲಾ ಇದೇ ಅಲ್ಲ. ಹೊಟ್ಟೆ ಖಾಲಿ ಇದ್ರೂ ಹಿಕ್ಕೆ ಹಸಿರಾಗತ್ತೆ. ಅದಕ್ಕೇ ಟೆಸ್ಟ್ ಮಾಡದೆ ಕಂಡ ಮಾತ್ರೆ ಹಾಕ್ಬಾರ್ದು.” ಔಷಧಿಯನ್ನು ಅವರು ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ಎಲ್ಲ ಹಕ್ಕಿಗಳಿಗೂ ಕೊಡಬೇಕು, ನೆಲ ಕೆರೆದು ಒಣಗಿಸಬೇಕು, ಮಳೆಯ ಇರಚಲು ಒಳಗೆ ಬರಬಾರದು, ಬೀದಿ ಪಾರಿವಾಳಗಳು ನಮ್ಮ ನೀರಿಗೆ ಕೊಕ್ಕು ಹಾಕಬಾರದು. ಮತ್ತೆ ಒಂದು ಮಾತು: “ಮೊಟ್ಟೆ ತಣ್ಣಗಾದ್ರೂ ತೆಗೀಬೇಡಿ. ತೆಗೆದ್ರೆ ಬೇಗ ಇನ್ನೆರಡು ಇಡತ್ತೆ. ಆ ಶಕ್ತಿ ಇದಕ್ಕೀಗಿಲ್ಲ.”

ಮೊಟ್ಟೆ ತಣ್ಣಗಾಗಿಯೇ ಹೋಯಿತು. ಗಂಡು ಒಂದು ರಾತ್ರಿ ಓವರ್‌ಟೈಮ್ ಮಾಡಿತು. ಎರಡನೆಯ ರಾತ್ರಿ ಎದ್ದು ಹೋಯಿತು. ಅದರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ.

ಕೆಳಗೆ ಹೆಂಡತಿ ಗಂಟೆಗೊಮ್ಮೆ ಓಆರ್‌ಎಸ್ ನೀರನ್ನು ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಮುಟ್ಟಿಸುತ್ತಿದ್ದಳು. ಮಗುವಿಗೆ ಭೇದಿಯಾದಾಗ ಮಾಡುವಂತೆಯೇ. ಬೆಳಗಿನ ಪತ್ರಿಕೆಗೆ ನಮ್ಮ ಮನೆಯಲ್ಲಿ ಬೇರೆಯೇ ಅರ್ಥ ಬಂದಿತ್ತು.

“ಪೇಪರಲ್ಲಿ ಏನಿದೆ?” ಎನ್ನುತ್ತಿದ್ದೆ.

“ನೀರು ಕಮ್ಮಿ. ಹಸಿರು ಹಾಗೇ ಇದೆ.”

ಮರುದಿನ: “ಎರಡು ಕಾಳು ಮುಟ್ಟಿದೆ. ನುಂಗಿಲ್ಲ.” ಅದರ ಮರುದಿನ ಕೇಳಲು ನನಗೇ ಧೈರ್ಯವಾಗಲಿಲ್ಲ; ತಾರಸಿಗೆ ಹೋಗಿ, ಒಣಗಿದ ನೆಲವನ್ನೇ ಮತ್ತೆ ಕೆರೆಯುತ್ತಿದ್ದೆ.

ಕೆಳಗಿನಿಂದ ಕೂಗು ಬಂತು. “ರೀ! ಬೇಗ ಬನ್ನಿ! ಬೀಟ್ ನೋಡಿ, ಬೀಟ್!”

ಮೆಟ್ಟಿಲು ಹಾರಿ ಇಳಿದೆ. ಹೆಂಡತಿ ಪತ್ರಿಕೆಯನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಧ್ಯದಲ್ಲಿ ಒಂದೇ ಒಂದು ಹಿಕ್ಕೆ. ಗಟ್ಟಿ, ಕಂದು, ತಲೆಗೆ ಬಿಳಿ ಟೋಪಿ. ಇನ್ಸ್‌ಪೆಕ್ಷನ್ನಿಗೆ ನಿಂತ ಹಾಗಿತ್ತು.

ಔಷಧಿ ಮುಗಿದು, ಇನ್ನೊಮ್ಮೆ ಟೆಸ್ಟ್ ಮಾಡಿಸಿದ ಮೇಲೆ ಹುಡುಗಿಯನ್ನು ಗೂಡಿಗೆ ಬಿಟ್ಟೆವು. ಗಂಡು ಕತ್ತು ಉಬ್ಬಿಸಿ, ಬಾಗಿ ಬಾಗಿ ಗುಟುರು ಹಾಕುತ್ತಾ ಅದರ ಸುತ್ತ ತಿರುಗಿತು. “ಅಷ್ಟು ದಿನ ಎಲ್ಲಿದ್ದೆ ಅಂತ ಕೇಳ್ತಿದೆ,” ಎಂದಳು ಹೆಂಡತಿ. ಆಮೇಲೆ ಗಂಡು ಹೋಗಿ ಆ ತಣ್ಣನೆಯ ಮೊಟ್ಟೆಗಳ ಮೇಲೆ ಕೂತಿತು.

ಸಂಜೆ ಸೈರನ್ ಕೂಗಿತು. ಹುಡುಗಿ ಎದ್ದು ಮೈ ಕೊಡವಿ, ನೆಟ್ಟಗೆ ನಡೆದು ಹೋಗಿ ಗೂಡಿನ ಅಂಚಿಗೆ ನಿಂತಿತು. ಗಂಡು ಎದ್ದು ಜಾಗ ಬಿಟ್ಟಿತು.

“ಪಾಪ, ಒಳಗೇನೂ ಇಲ್ಲ ಅಂತ ಅದಕ್ಕೆ ಗೊತ್ತಿಲ್ಲ,” ಎಂದಳು ಹೆಂಡತಿ.

ನಾವು ಎಷ್ಟೋ ವರ್ಷ ಖಾಲಿ ಶೆಡ್ಡುಗಳಿಗೂ ಕಾವಲು ಹಾಕಿದವರು. “ಗೊತ್ತಿದ್ರೂ ಡ್ಯೂಟಿ ಡ್ಯೂಟಿನೇ,” ಎಂದೆ.

“ಸರಿ, ನೀವೂ ನಿಮ್ಮ ಡ್ಯೂಟಿ ಮಾಡಿ,” ಎಂದು ಅವಳು ಗೂಡಿನ ನೆಲ ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ.